ರೊಟ್ಟಿಯ ವಾಸನೆಯ ವೈನ್

ಅವರು ವೈನ್ ಉಗುಳುವುದನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ನೆನಪು, ಮರೆವುಗಳ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವನು ನಾನಲ್ಲ. ಆದರೂ ಇದೊಂದನ್ನು ಹೇಳಬಲ್ಲೆ. ಅವರು ತಲೆ ಬಗ್ಗಿಸುತ್ತಿರಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಒಂದು ಸ್ಟೀಲ್ ತಂಬಿಗೆ, ಎದೆಯ ಮಟ್ಟಕ್ಕೆ. ತುಟಿಯನ್ನು ಕಿರಿದು ಮಾಡಿದರೆಂದರೆ ನೂಲಿನಷ್ಟು ತೆಳ್ಳಗಿನ ಧಾರೆ ಹೊರಟು ನೇರವಾಗಿ ತಂಬಿಗೆಯೊಳಗೆ ಇಳಿಯುತ್ತಿತ್ತು. ಇಳಕಲ್ ಸೀರೆಯ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ನಮ್ಮ ಮಗಳು ಚಿಕ್ಕವಳಿದ್ದಾಗ ಇದನ್ನು ಕಲಿಯಲು ಹೋಗಿ ಬಾತ್‌ರೂಮಿನ ಕನ್ನಡಿಯ ತುಂಬ ಕಿತ್ತಳೆ ರಸ ಚಿಮ್ಮಿಸಿದ್ದಳು. ಬೈದರೆ, "ಬಟ್ ಆಂಟಿ ಡಸ್ ಇಟ್ ಎವ್ರಿ ಡೇ!" ಎಂದಳು.

ಅದು ನಿಜವೇ. ಉಗುಳುವುದು ಅವರ ಉದ್ಯೋಗದ ಭಾಗವಾಗಿತ್ತು. ಕೌಲಾಲಂಪುರದ ಒಂದು ವೈನ್ ಆಮದು ಕಂಪನಿಯಲ್ಲಿ ಅವರು ಬಹಳ ವರ್ಷ ಕೆಲಸ ಮಾಡಿದರು. ಹೋಟೆಲುಗಳ ಸಿಬ್ಬಂದಿಗೆ ವೈನಿನ ಪಾಠ ಹೇಳುವುದು, ಹೊಸ ವೈನುಗಳ ರುಚಿ ನೋಡುವುದು, ಕೊಳ್ಳುವವರನ್ನು ಒಪ್ಪಿಸುವುದು. ರುಚಿ ನೋಡುವವರು ಎಲ್ಲ ದೇಶದಲ್ಲೂ ಉಗುಳುತ್ತಾರಂತೆ. ಇಲ್ಲದಿದ್ದರೆ ಮಧ್ಯಾಹ್ನದೊಳಗೆ ನಾಲಿಗೆಯೂ ತಲೆಯೂ ಕೆಲಸ ನಿಲ್ಲಿಸುತ್ತವೆ. ಆದರೆ ಉಳಿದವರು ಸಂಜೆ ಗೆಳೆಯರ ಜೊತೆ ಕೂತು ಒಂದು ಗ್ಲಾಸು ಮುಗಿಸುತ್ತಾರೆ. ಇವರು ಅದನ್ನೂ ಮಾಡಲಿಲ್ಲ. ಅವರ ಗಂಟಲಲ್ಲಿ ಒಂದು ಹನಿ ಮದ್ಯವೂ ಇಳಿದಿರಲಿಲ್ಲ.

ಅವರ ಹೆಸರು ಬರೆಯುತ್ತಿಲ್ಲ. ಬರೆಯಲೇ ಎಂದು ಕೇಳಿದಾಗ, "ಬ್ಯಾಡ್ರಿ ಸರ್ರ, ನಮ್ಮೂರಾಗ ಇನ್ನೂ ನಾಕು ಮಂದಿ ಓದಾವ್ರು ಅದಾರ" ಎಂದಿದ್ದರು. ಊರು ವಿಜಯಪುರದ ಕಡೆ ಎಂದಷ್ಟೇ ಹೇಳಬಹುದು. ದ್ರಾಕ್ಷಿ ಬೆಳೆದು ಒಣಗಿಸಿ ಮಾರುವ ಮನೆತನ.

ಮೊದಲ ಭೇಟಿ ನಮ್ಮ ಕಾಂಡೋದ ಲಿಫ್ಟಿನಲ್ಲಿ ಎಂದು ನಾನು ಹತ್ತಾರು ಜನರಿಗೆ ಹೇಳಿಕೊಂಡು ಬಂದಿದ್ದೆ. ಮೊನ್ನೆ ಹಳೆಯ ಡೈರಿ ತೆಗೆದರೆ ಪಾರ್ಕಿಂಗಿನಲ್ಲಿ ಎಂದಿದೆ. ಡೈರಿಯನ್ನೇ ನಂಬುತ್ತೇನೆ. ಕೌಲಾಲಂಪುರದ ಹೊರವಲಯದ ಸುಬಾಂಗ್ ಜಯಾಕ್ಕೆ ನಾವು ಬಂದು ಒಂದು ವಾರವಾಗಿತ್ತು. ನಾನು ಫೋನಿನಲ್ಲಿ ಹೆಂಡತಿ ವೀಣಾಗೆ ತೊಗರಿಬೇಳೆ ಎಲ್ಲೂ ಸಿಗಲಿಲ್ಲ ಎಂದು ದೂರುತ್ತಿದ್ದೆ. ಪಕ್ಕದ ಕಾರಿನ ಹಿಂದಿನಿಂದ ದನಿ ಬಂತು.

"ಏನ್ರೀ, ಕನ್ನಡದವರಾ? ಬ್ಯಾಳಿ ನಾ ಕೊಡ್ತೀನಿ, ಮೊದಲ ಇದನ್ನ ಹಿಡೀರಿ. ಬಿಸಿಲಿಗೆ ಕೆಟ್ಟ ಹೋಗ್ತಾವ."

ಹಳೆಯ ಕೌದಿಯಲ್ಲಿ ಸುತ್ತಿದ ಪೆಟ್ಟಿಗೆ. ಎತ್ತಿಕೊಂಡೆ. ಲಿಫ್ಟ್ ಹತ್ತಿದೆವು, ಬಹುಶಃ ನನ್ನ ನೆನಪಿನ ಲಿಫ್ಟ್ ಇದೇ. ಏನಿದೆ ಇದರಲ್ಲಿ ಎಂದು ಕೇಳಿದೆ.

"ವೈನ್ರಿ."

"ಎಲ್ಲಿಯದು?"

"ಇಂಗ್ಲೆಂಡಿಂದು."

ನಾನು ನಕ್ಕುಬಿಟ್ಟೆ. ಇಂಗ್ಲೆಂಡಿನಲ್ಲಿ ವೈನ್ ಮಾಡುತ್ತಾರೆಂದು ಕೇಳಿದ್ದೇ ಅವತ್ತು.

"ನಗ್ರಿ, ನಗ್ರಿ. ಎಲ್ಲಾರೂ ಮೊದಲ ನಗ್ತಾರ. ಒಂದ ಗುಟುಕು ಕುಡದ ಮ್ಯಾಲ ಬಾಟ್ಲಿ ತಿರಿಗಿಸಿ ಹೆಸರು ಓದ್ತಾರ."

ಆ ಪೆಟ್ಟಿಗೆಯ ಹಿಂದಿನ ಕಥೆ ಆಮೇಲೆ ಕಂತು ಕಂತಾಗಿ ಬಂತು. ಕಂಪನಿ ಅವರನ್ನು ಯಾವುದೋ ಮೇಳಕ್ಕೆಂದು ಲಂಡನ್ನಿಗೆ ಕಳಿಸಿತ್ತು. ಬಿಡುವಿನ ದಿನ ಅರಮನೆ ನೋಡುವುದು ಬಿಟ್ಟು ರೈಲು ಹತ್ತಿ ಸಸೆಕ್ಸ್ ಎಂಬ ಸೀಮೆಗೆ ಹೋದರು. ಚಳಿಗಾಲದ ಕೊನೆ, ಜಿಟಿಜಿಟಿ ಮಳೆ. ಒಬ್ಬ ರೈತ ತನ್ನ ಹೆಂಡತಿಯ ರಬ್ಬರ್ ಬೂಟು ಕೊಟ್ಟು ದಿಬ್ಬಕ್ಕೆ ಕರೆದುಕೊಂಡು ಹೋದ. ಅವನ ತಂದೆ ಅಲ್ಲಿ ಕುರಿ ಮೇಯಿಸುತ್ತಿದ್ದನಂತೆ; ಇವನು ಬಳ್ಳಿ ನೆಟ್ಟಿದ್ದ. ಊರವರು ಅವನಿಗೂ ನಕ್ಕಿದ್ದರು. ಬೂಟು ಊರಿದಲ್ಲೆಲ್ಲ ಮೇಲಿನ ಮಣ್ಣು ಸರಿದು ಕೆಳಗೆ ಬೆಳ್ಳಗೆ ಕಾಣುತ್ತಿತ್ತು. ಸೀಮೆಸುಣ್ಣ! ಇಡೀ ಗುಡ್ಡ ಸೀಮೆಸುಣ್ಣದ್ದು.

"ನಾ ಒಂದು ತುಣುಕು ಎತ್ತಿ ನಾಲಿಗಿ ಮ್ಯಾಲ ಇಟಗೊಂಡೆ ನೋಡ್ರಿ. ಸಾಲ್ಯಾಗ ಬಳಪ ತಿಂತಿದ್ವಲ್ಲ, ಥೇಟ್ ಹಂಗ. ಆಂವ ಗಾಬರಿ ಆದ."

ಅವನು ಇನ್ನೂ ಗಾಬರಿಯಾದದ್ದು ಮುಂದೆ. ಅವನು ಬಳ್ಳಿ ಕತ್ತರಿಸುತ್ತಿದ್ದ ರೀತಿ ಇವರಿಗೆ ಸರಿಬರಲಿಲ್ಲ. ಕೈಯಿಂದ ಕತ್ತರಿ ಕಿತ್ತುಕೊಂಡು ಒಂದು ಸಾಲು ತಾವೇ ಕತ್ತರಿಸಿದರು. ಇವರ ಊರಿನಲ್ಲಿ ದ್ರಾಕ್ಷಿ ತೋಟಕ್ಕೆ, ಅವರ ಮಾತಿನಲ್ಲಿ ಪಡಕ್ಕೆ, ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಒಂದೇ ಸಲ. ಇವರು ವಿಜಯಪುರದ ಲೆಕ್ಕದಲ್ಲಿ, ಹಣ್ಣಿಗೆ ಇನ್ನೊಂದು ಚಾಟ್ನಿ ಬಾಕಿಯಿದೆ ಎಂಬಂತೆ, ಗಿಡ್ಡಕ್ಕೆ ಕತ್ತರಿ ಆಡಿಸಿದ್ದರು. ಆ ವರ್ಷ ಆ ಒಂದು ಸಾಲು ಮಾತ್ರ ಹಣ್ಣು ಬಿಡಲಿಲ್ಲವಂತೆ. ಅವನು ಅದಕ್ಕೆ ಇವರ ಹೆಸರಿನ ಹಲಗೆ ಹಾಕಿ, ಫೋಟೋ ತೆಗೆದು ಕಳಿಸಿದ. ಆ ಫೋಟೋ ಇವರ ಫ್ರಿಜ್ಜಿನ ಮೇಲೆ ಕೊನೆಯವರೆಗೂ ಇತ್ತು. ಬೋಳು ಸಾಲು, ಹಲಗೆ, ನಗುತ್ತಿರುವ ಕೆಂಪು ಮುಖದ ರೈತ.

"ನಮ್ಮಪ್ಪ ಆಲಿಕಲ್ಲಿಗೆ ಅಂಜತಿದ್ದ, ಆಂವ ಮೇ ತಿಂಗಳ ಹಿಮಕ್ಕ ಅಂಜತಾನ. ಸಾಲಿನ ನಡುವ ಮೇಣದಬತ್ತಿ ಹಚ್ಚಿ ಚಿಗುರು ಕಾಯ್ತಾನಂತ. ಅದನ್ನ ಕೇಳಿದ ಮ್ಯಾಲ ಆಂವನ ವೈನ್ ಬಿಟ್ಟು ಬರಾಕ ಆಗಲಿಲ್ರಿ."

ಬಿಟ್ಟು ಬರಲಾಗದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ರೈತ ಮಾಡುತ್ತಿದ್ದುದು ಗುಳ್ಳೆ ಏಳುವ ಬಿಳಿ ವೈನ್. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ, ಆ ಹುದುಗಿನ ಗಸಿಯ ಜೊತೆ ವರ್ಷಗಟ್ಟಲೆ ಮಲಗಿಸಿಡುತ್ತಾರೆ. ಹಾಗೆ ಮಲಗಿದ ವೈನಿಗೆ ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತದೆ ಎಂದು ಪುಸ್ತಕಗಳಲ್ಲಿದೆ. ಇವರು ಗ್ಲಾಸಿಗೆ ಮೂಗು ಒಡ್ಡಿದಾಗ ಬಂದದ್ದು ಬ್ರೆಡ್ಡಿನದಲ್ಲ. "ಹಂಚಿನ ಮ್ಯಾಲ ಜ್ವಾಳದ ರೊಟ್ಟಿ ತಿರಿವಿ ಹಾಕಿದಾಗ ಬರ್ತೈತಲ್ರಿ, ಆ ವಾಸನಿ. ನಮ್ಮವ್ವನ ಒಲಿ ಮುಂದ ಕುಂತಂಗಾತು." ಆ ಗುಟುಕನ್ನೂ ಉಗುಳಿದರು. ಉಗುಳಲು ಅಷ್ಟು ಕಷ್ಟವಾದದ್ದು ಅದೇ ಮೊದಲು ಎಂದು ಹೇಳಿದರು.

ಉಗುಳಲೇಬೇಕಿತ್ತು, ಏಕೆಂದರೆ ಆಣೆ ಮಾಡಿಸಿದ್ದು ಅದೇ ಅವ್ವ. ಧಾರವಾಡದಲ್ಲಿ ತೋಟಗಾರಿಕೆ ಓದಿ ಮುಗಿಸಿದ ಮಗಳಿಗೆ ಮೊದಲ ಕೆಲಸ ಸಿಕ್ಕಿದ್ದು ವೈನ್ ಕಾರ್ಖಾನೆಯಲ್ಲಿ. ಅಪ್ಪ ಕೂಗಾಡಿದರು. ಅವ್ವ ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತದೆ, "ಕೆಲಸಾ ಮಾಡು, ಬ್ಯಾಡ ಅನ್ನಂಗಿಲ್ಲ. ಗಂಟಲದಾಗ ಮಾತ್ರ ಇಳೀಬಾರ್ದು" ಎಂದರಂತೆ. ಎಂದು, ಹಂಚಿನಿಂದ ತೆಗೆದ ರೊಟ್ಟಿಯನ್ನು ಅಂಗೈಯಲ್ಲಿಟ್ಟು ಆಣೆ ಮಾಡಿಸಿದರು. "ಕೈ ಚುರ್ ಅನ್ನಾಕತ್ತಿತ್ತು, ಲಗೂನ ಆಣಿ ಮಾಡಿ ಕೆಳಗಿಟ್ಟೆ" ಎಂದು ಇವರು ನಗುತ್ತಿದ್ದರು. ಆದರೆ ಆಣೆಯನ್ನು ಕೆಳಗಿಡಲಿಲ್ಲ. ಆ ಅವ್ವ ಈಗ ಎಂಬತ್ತು ದಾಟಿ, ಮೊಮ್ಮಕ್ಕಳ ಗದ್ದಲದ ನಡುವೆ ಗಟ್ಟಿಯಾಗಿದ್ದಾರೆ. ಪ್ರತಿ ಭಾನುವಾರ ಫೋನು ಬರುತ್ತಿತ್ತು. ಊಟ, ಮಳೆ, ದ್ರಾಕ್ಷಿಯ ರೇಟು, ಯಾರಿಗೆ ಮಗು ಆಯಿತು ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ ಯಾವಾಗಲೂ ಒಂದೇ.

"ಗಂಟಲದಾಗ ಇಳೀತೇನ?"

"ಇಲ್ಲ ಯವ್ವಾ."

"ಹಂ. ಫೋನ್ ಇಡ್ಲೇನ?"

ಹಾಗಂತ ಅವರೇನು ವ್ರತಧಾರಿಯ ಮುಖ ಹೊತ್ತು ಓಡಾಡಿದವರಲ್ಲ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಗೆ ಹೋದರೆ ನೊರೆ ಚಹಾ, ತೇ ತಾರಿಕ್, ಎರಡು ಲೋಟ ಬೇಕು. ಚಹಾ ಎತ್ತರದಿಂದ ಸುರಿಯುವವನ ಕೈಯನ್ನು ಪರೀಕ್ಷಕಿಯಂತೆ ನೋಡಿ "ಇವತ್ತ ನೊರಿ ಕಡಿಮಿ ಐತಿ, ಅಬಾಂಗ್" ಎಂದು, ಅಣ್ಣ ಎನ್ನುವ ಆ ಒಂದು ಮಲಯ್ ಪದ ಬಿಟ್ಟು, ಕನ್ನಡದಲ್ಲೇ ಹೇಳುತ್ತಿದ್ದರು. ಅವನಿಗೆ ಅರ್ಥವಾಗುತ್ತಿತ್ತು. ಪಕ್ಕದ ಪುಚೊಂಗ್‌ನ ಕನ್ನಡದ ಹೆಂಗಸರು ಮೊದಮೊದಲು ಇವರ ಉದ್ಯೋಗದ ಬಗ್ಗೆ ಪಿಸುಗುಟ್ಟಿದರು. ಒಬ್ಬರು ಮದುವೆಯ ವಿಷಯ ಎತ್ತಿದಾಗ, "ದ್ರಾಕ್ಷಿ ಬಳ್ಳಿ ಸಂಭಾಳಿಸಿ ಸಾಕಾಗೇತ್ರಿ, ಮತ್ತ ಗಂಡನ್ನೂ ಕತ್ತರಿಸಿಕೋತ ಕೂಡ್ಲೇನ?" ಎಂದರು. ಆಮೇಲೆ ಯಾರೂ ಎತ್ತಲಿಲ್ಲ.

ನಮ್ಮ ಮನೆಯಲ್ಲಿ ಅವರು ಗಿರ್ಮಿಟ್ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದು, ಅದರ ಜೊತೆ ನನಗೆ ಇಂಗ್ಲೆಂಡಿನ ವೈನ್ ಸುರಿದುಕೊಟ್ಟ ಸಂಜೆ ಚೆನ್ನಾಗಿ ನೆನಪಿದೆ. ಅಥವಾ ಬಜ್ಜಿ ಚೆನ್ನಾಗಿ ನೆನಪಿದೆ. "ಎಣ್ಣಿ ತಿಂದ ಬಾಯಿಗೆ ಇದರ ಹುಳಿ ಬೇಕ್ರಿ. ಫ್ರಾನ್ಸಿನವ್ರ ಈಗ ಅಲ್ಲಿ ಬಂದು ಜಮೀನ ಹಿಡ್ಯಾಕತ್ತಾರ, ಗೊತ್ತೇನ? ಅವರಲ್ಲಿ ಬಿಸಲ ಜಾಸ್ತಿ ಆತು, ಹುಳಿ ಇಳೀತು." ಹೊಸ ತೋಟದ ಸುದ್ದಿ, ಹೊಸ ಬಹುಮಾನದ ಸುದ್ದಿ, ಅಲ್ಲಿನ ಮಳೆಯ ಸುದ್ದಿ, ತಮ್ಮ ಅಣ್ಣನ ಪಡದ ಸುದ್ದಿಯಂತೆಯೇ ಹೇಳುತ್ತಿದ್ದರು. ಮೊಬೈಲಿನಲ್ಲಿ ಎರಡು ಊರಿನ ಹವಾಮಾನ ಇಟ್ಟಿದ್ದರು, ವಿಜಯಪುರದ್ದು ಮತ್ತು ಸಸೆಕ್ಸಿನದು. ತಾವಿದ್ದ ಊರಿನದು ಇರಲಿಲ್ಲ. ಇಲ್ಲಿ ನೋಡಬೇಕಾದ್ದೇನು, ಮಧ್ಯಾಹ್ನ ಮಳೆ ಬಂದೇ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದು ಮಧ್ಯಾಹ್ನದ ವಿಷಯಕ್ಕೆ ಬರಲು. ಅದನ್ನು ನಾನು ಕಣ್ಣಾರೆ ಕಂಡೆ. ಸಮಸ್ಯೆ ಅದೇ.

ಅವರ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಕಂಪನಿಯ ಮಾಲೀಕ ಇವರ ಮಾತಿಗೆ ಕಟ್ಟುಬಿದ್ದು ಆ ಸಸೆಕ್ಸಿನ ವೈನನ್ನು ಸ್ವಲ್ಪ ಸ್ವಲ್ಪವೇ ತರಿಸುತ್ತ ಬಂದಿದ್ದ. ಕೊಳ್ಳುವವರು ಬಾಟಲಿ ನೋಡಿ ನಕ್ಕು, ಪಕ್ಕದ ಫ್ರೆಂಚ್ ಬಾಟಲಿ ಎತ್ತಿಕೊಳ್ಳುತ್ತಿದ್ದರು. ಒಂದಾದರೂ ದೊಡ್ಡ ಹೋಟೆಲು ಪಟ್ಟಿಗೆ ಸೇರಿಸದಿದ್ದರೆ ಇದೇ ಕೊನೆ, ಮತ್ತೆ ತರಿಸುವುದಿಲ್ಲ ಎಂದ. "ನಾ ಹೋದ ಮ್ಯಾಲ ಇದರ ಹೆಸರು ಹೇಳಾವ್ರು ಈ ದೇಶದಾಗ ಒಬ್ಬರೂ ಇರೂದಿಲ್ರಿ ಸರ್ರ" ಎಂದರು ಇವರು. ಯಾವತ್ತೂ ಆ ದನಿಯಲ್ಲಿ ಮಾತಾಡಿದವರಲ್ಲ.

ನಗರದ ಒಂದು ದೊಡ್ಡ ಹೋಟೆಲಿನ ಪಾನೀಯ ವಿಭಾಗದ ಮುಖ್ಯಸ್ಥ ಟಾನ್ ಎಂಬಾತ, ಒಂದು ಕಾಲಕ್ಕೆ ಇವರ ವಿದ್ಯಾರ್ಥಿ. ಈಗಲೂ ಟೀಚರ್ ಎಂದೇ ಕರೆಯುತ್ತಿದ್ದ. ಟೀಚರ್ ಕೇಳಿದರೆಂದು ಒಂದು ರುಚಿ ಪರೀಕ್ಷೆಗೆ ಒಪ್ಪಿಕೊಂಡ. ಆರು ಬಾಟಲಿ, ಆರಕ್ಕೂ ಹಳೆಯ ಇಳಕಲ್ ಸೀರೆಯಿಂದ ಇವರೇ ಹೊಲಿದ ಚೀಲ, ಕುತ್ತಿಗೆಗೆ ನಂಬರಿನ ಚೀಟಿ. ಯಾವುದು ಯಾವುದೆಂದು ಸುರಿಯುವ ಇವರಿಗೆ ಮಾತ್ರ ಗೊತ್ತು. ನಾಲ್ಕೈದು ಜನ ತಜ್ಞರ ನಡುವೆ ಏನೂ ತಿಳಿಯದ ಒಂದು ನಾಲಿಗೆಯೂ ಇರಲಿ ಎಂದು ನನ್ನನ್ನು ಕರೆದರು. ವಾಪಸು ಕಾರು ಓಡಿಸಲು ವೀಣಾ ಬಂದಳು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಾನು ಕಾಲೇಜಿನಲ್ಲಿ ಸಂಶೋಧನಾ ವಿಧಾನ ಕಲಿಸುವವನು. ಸಾಕ್ಷಿ ಎಂದರೇನು, ನಂಬಲರ್ಹ ವೀಕ್ಷಕ ಯಾರು ಎಂದು ವರ್ಷವರ್ಷ ಪಾಠ ಹೇಳುತ್ತೇನೆ. ಅಂಥ ನಾನು, ಎಲ್ಲರೂ ಉಗುಳುತ್ತಿದ್ದಾಗ, ಇಷ್ಟು ಒಳ್ಳೆಯದನ್ನು ಉಗುಳಲು ಮನಸ್ಸು ಬಾರದೆ ಆರನ್ನೂ ನುಂಗಿದೆ. ನಾಲ್ಕನೆಯದನ್ನು ಎರಡು ಸಲ.

ಟಾನ್‌ಗೂ ನಾಲ್ಕನೆಯದೇ ಹಿಡಿಸಿತು. ಕಣ್ಣು ಮುಚ್ಚಿ, ತಲೆ ಆಡಿಸಿ, "ಇದು ಫ್ರಾನ್ಸ್, ಟೀಚರ್. ಹಳೆಯ ಮನೆತನದ ಶಾಂಪೇನ್. ನನ್ನ ಹತ್ತಿರ ಆಟ ಬೇಡ ಲಾ" ಎಂದ, ಇಲ್ಲಿನವರು ಮಾತಿಗೆಲ್ಲ ಹಚ್ಚುವ ಲಾ ಹಚ್ಚಿ. ಇವರು ಸೀರೆಯ ಚೀಲ ಕಳಚಿದರು. ಸಸೆಕ್ಸ್. ಟಾನ್‌ನ ಕಿವಿ ಕೆಂಪಾಯಿತು. ಅವನ ಕೈಕೆಳಗಿನವರು ಗೋಡೆ ನೋಡತೊಡಗಿದರು.

"ಇಂಗ್ಲೆಂಡಿನಿಂದ ಬಿಸ್ಕೆಟ್ ಬರಬೇಕು, ಫುಟ್‌ಬಾಲ್ ಬರಬೇಕು. ಇದು ಮೋಸ ಲಾ" ಎಂದ. ಆಮೇಲೆ, ಅವಮಾನದಿಂದಲೋ ತಮಾಷೆಗೋ, ಇವರ ತಂಬಿಗೆಯನ್ನು ತೋರಿಸಿದ. "ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಟೀಚರ್. ನೀವು ಇದನ್ನೂ ಉಗುಳುತ್ತೀರಿ. ಮಾರುವವರೇ ನುಂಗದ್ದನ್ನು ನನ್ನ ಗಿರಾಕಿಗಳಿಗೆ ನಾನು ಹೇಗೆ ಕೊಡಲಿ? ಒಂದು ಗುಟುಕು ನುಂಗಿ. ನಾಳೆಯೇ ಪಟ್ಟಿಗೆ ಹಾಕುತ್ತೇನೆ."

ಅವರ ಬಲಗೈಯಲ್ಲಿ ಗ್ಲಾಸು, ಎಡಗೈಯಲ್ಲಿ ತಂಬಿಗೆ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. ಇಷ್ಟರಲ್ಲಿ ನನಗೂ ವೀಣಾಗೂ ಭಿನ್ನಾಭಿಪ್ರಾಯವಿಲ್ಲ.

ಅವರು ಟಾನ್‌ಗೆ ಹೇಳಿದ ಮಾತಿನಲ್ಲೂ ಇಲ್ಲ: "ಟಾನ್, ನೀನು ದಿನಾ ನುಂಗುತ್ತೀಯ, ಆದರೂ ಇದನ್ನು ಫ್ರಾನ್ಸ್ ಎಂದೆ. ನಾನು ದಿನಾ ಉಗುಳುತ್ತೇನೆ, ನನಗೆ ಇದು ಯಾವ ಗುಡ್ಡದ ಯಾವ ಕಡೆಯದೆಂದು ಗೊತ್ತು. ಯಾರ ಬಾಯಿ ನಂಬುತ್ತೀಯ, ಹೇಳು ಲಾ."

ಎಲ್ಲರೂ ಹೋ ಎಂದು ನಕ್ಕರು. ನನ್ನ ನೆನಪಿನಲ್ಲಿ, ಈ ಮಾತು ಮೊದಲು. ಆ ನಗುವಿನ ನಡುವೆ ಅವರು ಗ್ಲಾಸು ಎತ್ತಿ ಬಾಯಿಗಿಟ್ಟರು, ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು, ತಂಬಿಗೆ ಎದೆಯ ಮಟ್ಟಕ್ಕೆ ಏರಲೇ ಇಲ್ಲ. ವೀಣಾಳ ಪ್ರಕಾರ ಗುಟುಕು ಮೊದಲು, ಉಗುಳಿದ್ದು ಆಮೇಲೆ, ಮಾತು ಕೊನೆಗೆ.

"ಉಗುಳಿದ್ರು ಕಣ್ರೀ. ನಾನು ಸ್ಟ್ರೇಟ್ ಎದುರಿಗೇ ನಿಂತಿದ್ದೆ. ನೀವು ಟೇಬಲ್ ಮೇಲೆ ಒರಗಿದ್ರಿ, ನೆನಪಿದ್ಯಾ?"

"ಒರಗಿರಲಿಲ್ಲ. ವಾಲಿದ್ದೆ."

"ಹೌದಪ್ಪ, ಸಾಕ್ಷಿ ಮೇಷ್ಟ್ರು!"

ಟಾನ್‌ನನ್ನೂ ಕೇಳಿದೆ. ಅವನು ಆಗ ನಾಚಿಕೆಯಿಂದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದನಂತೆ, ನೋಡಲಿಲ್ಲವಂತೆ. ಮಾರನೆಯ ವಾರ ಆ ವೈನು ಅವನ ಪಟ್ಟಿಯಲ್ಲಿತ್ತು. ಅದು ನುಂಗಿದ್ದಕ್ಕೋ ಮಾತಿಗೋ, ಅದೂ ತಿಳಿಯದು. ಡೈರಿಯನ್ನಾದರೂ ನೋಡೋಣವೆಂದರೆ, ಆ ದಿನದ ಪುಟದಲ್ಲಿ ನನ್ನದೇ ಅಕ್ಷರ ಇಳಿಜಾರಿನಲ್ಲಿ ಜಾರುತ್ತ ಹೋಗಿ ಅಂಚಿನಲ್ಲಿ ನಿಂತಿದೆ. ಓದಲಾಗುವ ಪದ "ನಾಲ್ಕನೆಯದು" ಒಂದೇ.

ಆ ಭಾನುವಾರ, ಹೋಟೆಲಿನಿಂದ ಬರುವಾಗ ನಮ್ಮ ಕಾರಿನಲ್ಲಿ ಮರೆತುಹೋಗಿದ್ದ ಸೀರೆಯ ಚೀಲಗಳನ್ನು ಕೊಡಲು ಅವರ ಮನೆಗೆ ಹೋದೆ. ಅವ್ವನ ಫೋನು ನಡೆಯುತ್ತಿತ್ತು, ಸ್ಪೀಕರಿನಲ್ಲಿ. ಅವರು ಅದರ ಪಕ್ಕ ಕೊತ್ತಂಬರಿ ಸೋಸುತ್ತಿದ್ದರು. ಕೂರಲು ಸನ್ನೆ ಮಾಡಿದರು. ಮಳೆಯಾಯಿತು, ರೇಟಾಯಿತು. ನಾನು ಮಡಿಲಲ್ಲಿದ್ದ ಚೀಲಗಳನ್ನು ಸುಮ್ಮನೆ ಎಣಿಸತೊಡಗಿದೆ.

"ಗಂಟಲದಾಗ ಇಳೀತೇನ?"

"ಇಲ್ಲ ಯವ್ವಾ."

ಎಂದಿನ ದನಿ. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು ನನ್ನ ನೆನಪು. ಹಾಗೆಂದುಕೊಳ್ಳುವುದೇ ಎಲ್ಲರಿಗೂ ಮರ್ಯಾದೆ ಎಂದುಕೊಂಡೆ. ಆದರೆ ಅವ್ವ ಫೋನಿಡುವ ಮೊದಲೇ ಇವರು ಕೊತ್ತಂಬರಿ ಕೆಳಗಿಟ್ಟರು.

"ಯವ್ವಾ, ಒಂದ ಮಾತು. ಇದೊಂದಕ್ಕ ನಿನ್ನ ರೊಟ್ಟಿ ವಾಸನಿ ಬರ್ತೈತಿ. ಹಂಚಿನ ಮ್ಯಾಲಿಂದು. ಉಗುಳಾಕ ಭಾಳ ತ್ರಾಸ ಆಗ್ತೈತಿ."

ಆ ಕಡೆ ಯಾವುದೋ ಮಗು ಅಳುತ್ತಿತ್ತು. ಅದನ್ನು ಎತ್ತಿಕೊಳ್ಳಲು ಯಾರಿಗೋ ಹೇಳಿ ಮುದುಕಿ ಬೈದರು.

"ಹುಚ್ಚಿ! ಬಾಯಾಗಿನ ರೊಟ್ಟಿ ಯಾರರ ಉಗುಳ್ತಾರೇನ?"

ಫೋನಿಟ್ಟರು. ಇವರು ಮತ್ತೆ ಕೊತ್ತಂಬರಿ ಎತ್ತಿಕೊಂಡರು. ಸೋಸಿದ್ದನ್ನೇ ಸೋಸಿದರು. ನಾನು ಎದ್ದು ಬಂದು, ಲಿಫ್ಟಿನಲ್ಲಿ ನಿಂತೇ ಈ ಮಾತುಗಳನ್ನು ಮೊಬೈಲಿನಲ್ಲಿ ಬರೆದುಕೊಂಡೆ. ಆದ್ದರಿಂದ ಇವು ಸರಿಯಾಗಿವೆ.

ಅಪ್ಪಣೆ ಸಿಕ್ಕಿತೆಂದು ಅವರು ಮರುದಿನವೇ ಕುಡಿಯಲಿಲ್ಲ. "ಆಣಿ ಮಾಡಿದ್ದು ಕೆಲಸಕ್ಕ ಅಂತ. ಕೆಲಸ ಇರೂತನಕ ಉಗುಳೂದ" ಎಂದರು. ನಾಲ್ಕು ತಿಂಗಳು ಉಗುಳಿದರು. ಕಂಪನಿಯಲ್ಲಿ ಬೀಳ್ಕೊಡುಗೆಯ ದಿನ ಎಲ್ಲರೂ ಗ್ಲಾಸು ಎತ್ತಿದಾಗಲೂ ಉಗುಳಿದರು.

ಕಳೆದ ತಿಂಗಳು ಹೊರಟರು. ಮೊದಲು ಸಸೆಕ್ಸಿಗೆ, ಆ ಕೆಂಪು ಮುಖದ ರೈತನ ಕೊಯ್ಲಿಗೆ ಕೈ ಹಾಕಲು, ಅಲ್ಲಿಂದ ಊರಿಗೆ. ಹೊರಡುವ ದಿನ ಸಂಜೆ ಆರಕ್ಕೆ ನಮ್ಮಿಬ್ಬರನ್ನೂ ಕರೆದರು. ಮನೆ ಖಾಲಿ. ಫ್ರಿಜ್ಜಿನ ಮೇಲಿನ ಫೋಟೋ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಕೂರಲು ಎರಡು ಸೂಟ್‌ಕೇಸು, ಒಂದು ಮಡಿಸಿದ ಕೌದಿ. ನೆಲದ ಮೇಲೆ ಒಂದು ಬಾಟಲಿ, ಮೂರು ಗ್ಲಾಸು, ತಂಬಿಗೆ. ವೀಣಾ ಏರ್‌ಪೋರ್ಟಿಗೆ ಕಾರು ಓಡಿಸಬೇಕಿದ್ದುದರಿಂದ ಬೇಡ ಎಂದಳು.

ಬಾಟಲಿಯ ಬಿರಡೆಯನ್ನು ಅವರು ತೆಗೆದ ರೀತಿಗೆ ಸದ್ದೇ ಆಗಲಿಲ್ಲ. ಯಾರೋ ನಿಟ್ಟುಸಿರು ಬಿಟ್ಟಂತಾಯಿತು ಅಷ್ಟೆ. ಎರಡು ಗ್ಲಾಸಿಗೆ ಸುರಿದರು. ತಂಬಿಗೆಯನ್ನು ಎತ್ತಿ ನನ್ನ ಮುಂದೆ ಇಟ್ಟರು.

"ಇದು ನಿಮಗ ಇರ್ಲಿ ಸರ್ರ. ನನಗ ಇನ್ನ ಬ್ಯಾಡ."

ನಾನು ಗುಟುಕು ತೆಗೆದುಕೊಂಡೆ. ಬಾಯಲ್ಲಿ ಹೊರಳಿಸಿದೆ. ಆಮೇಲೆ ಇದ್ದ ಧೈರ್ಯವೆಲ್ಲ ಒಟ್ಟು ಮಾಡಿ ತಂಬಿಗೆಗೆ ಉಗುಳಿದೆ. ಅರ್ಧ ತಂಬಿಗೆಗೆ ಬಿತ್ತು, ಅರ್ಧ ನನ್ನ ಅಂಗಿಗೆ. ವೀಣಾ ಬಾಯಿಗೆ ಕೈ ಇಟ್ಟು ನಗತೊಡಗಿದಳು.

"ಇದೇನ್ರಿ ಸರ್ರ? ಇಷ್ಟು ದಿನ ನುಂಗಿ ಈಗ ಉಗುಳ್ತೀರಿ?"

"ಇವತ್ತು ನಾನು ಸರಿಯಾಗಿ ನೋಡಬೇಕು" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಹೋಟೆಲಿನ ಮಧ್ಯಾಹ್ನದ ಬಗ್ಗೆ ಕೇಳುವುದಿದ್ದರೆ ಅದೇ ಸಮಯ. ಕೇಳಲಿಲ್ಲ. ಅವರು ಗ್ಲಾಸನ್ನು ಮೂಗಿನ ಬಳಿ ಹಿಡಿದರು, ಕಣ್ಣು ಮುಚ್ಚಲಿಲ್ಲ, ಒಂದು ಗುಟುಕು ತೆಗೆದುಕೊಂಡು ನುಂಗಿದರು. ನಾನು ನೋಡಿದೆ. ವೀಣಾ ನೋಡಿದಳು.

ಒಂದು ವೈನಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವರು. ಬೇವಿನ ಹೂವು, ನೆನೆದ ಬಳಪ, ಹಸಿ ಸೇಬು, ಹಂಚಿನ ರೊಟ್ಟಿ ಎಂದು ಸಾಲುಸಾಲಾಗಿ ಹೇಳುವವರು. ನಾವು ಕಾದೆವು. ಅವರು ಖಾಲಿ ಗೋಡೆಯ ಕಡೆ ನೋಡುತ್ತ, ಏನೋ ಕೈತಪ್ಪಿ ಬಿದ್ದುಹೋದವರಂತೆ ಹುಬ್ಬು ಗಂಟಿಕ್ಕಿ ಕೂತಿದ್ದರು.

"ಉಗುಳಿದಾಗ ಬಾಯಾಗ ಭಾಳ ಹೊತ್ತು ಇರ್ತಿತ್ರಿ" ಎಂದರು ಕೊನೆಗೆ. "ನುಂಗಿದ್ರ ಲಗೂನ ಹೋಗಿಬಿಡ್ತೈತಲ್ಲ."

ಮತ್ತೆ ಗ್ಲಾಸು ಮುಂದೆ ಚಾಚಿದರು.

"ಇನ್ನೊಂದ ಚೂರು ಹಾಕ್ರಿ."